ವಕೀಲರ ಕಟ್ಟಿ: ಹಳೇ ತಪ್ಪು ಹೊಸ ಕೇಸಿಗಿ ಸಾಕ್ಷಿ ಆಗ್ತದೇನ್ರಿ?

ಪ್ರಶ್ನೆ: ವಕೀಲ್ ಸಾಹೇಬ್ರ, ನಾನು ರಿಟೈರ್ಡ್ ಮಾಸ್ತರ. ಮಗ ಕ್ಯಾಲಿಫೋರ್ನಿಯಾದಾಗ ಅಲ್ಲಿಯ ಸಿಟಿಜನ್ ಆಗ್ಯಾನ, ಮೊನ್ನೆ ಅವನಿಗಿ ಜ್ಯೂರಿ ಡ್ಯೂಟಿ ಬಂದಿತ್ತು, ಅಂದ್ರ ಸಾಮಾನ್ಯ ಮಂದಿ ಕೋರ್ಟಿನಾಗ ಕೂತು ಆರೋಪಿದು ತಪ್ಪದನೋ ಇಲ್ಲೋ ಅಂತ ತೀರ್ಮಾನ ಮಾಡೋ ಕೆಲಸ. ಕೇಸ್ ನಡೀತಿದ್ದಾಗ ಫೋನಿನಾಗ ಒಂದು ಮಾತೂ ಬಾಯಿ ಬಿಡಲಿಲ್ಲ, ಮುಗಿದ ಮ್ಯಾಲ ಹೇಳಿದ. 80 ದಾಟಿದ ಮುದುಕಪ್ಪಗ ನೋಡ್ಕೊಳ್ಳಾಕ ಇಟ್ಟಿದ್ದ ಹೆಣ್ಮಗಳು ಅವನಿಗಿ ದಬ್ಬಿದಳು ಅಂತ ಕೇಸು. ಇದೇ ಹೆಣ್ಮಗಳು ಮೊದಲು ಇನ್ನೊಂದು ಮನ್ಯಾಗ ಒಬ್ಬ ಮುದುಕಿ ಕೈ ತಿರುವಿದ್ದಳು ಅಂತ ಆ ಮುದುಕಿ ಮಗಳು ಬಂದು ಸಾಕ್ಷಿ ಹೇಳಿದಳಂತ, ಅದಕ್ಕ ಆವಾಗ ಕೇಸೇ ಆಗಿರಲಿಲ್ಲ. ಇಷ್ಟಾದ್ರೂ 12 ಮಂದಿ ಕೂಡಿ ತಪ್ಪಿಲ್ಲ ಅಂತ ಬಿಟ್ರಂತ! ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರಲ್ರಿ, ಇವರೇನು ಓದಿದವರೋ ಏನೋ?
– ಒಬ್ಬ ಓದುಗರು, ಕಲಬುರಗಿ

ಉತ್ತರ: ಮಾಸ್ತರ್ರ, ಮೊದಲು ನಿಮ್ಮ ಮಗನಿಗಿ ಶಹಬ್ಬಾಸ್ ಅನ್ನಬೇಕು, ಕೇಸ್ ಮುಗಿಯೋತನ ಬಾಯಿ ಮುಚ್ಕೊಂಡಿದ್ದಕ್ಕ. ಅಲ್ಲಿ ಜಡ್ಜು ಅದನ್ನೇ ಹೇಳಿ ಕಳಿಸ್ತಾರ, ಮನ್ಯಾಗೂ ಮಾತಾಡಂಗಿಲ್ಲ ಅಂತ. ನಮ್ಮ ಕಡಿ ಕೋರ್ಟಿನ ಮಾತು ಕೋರ್ಟಿನ ಗೇಟು ದಾಟೂದ್ರಾಗ ಚಹಾದ ಅಂಗಡ್ಯಾಗ ತೀರ್ಪೇ ಆಗಿರ್ತದ, ಅದು ಬ್ಯಾರೇ ಮಾತು.

ನೀವು ಹೇಳಿದ್ರಲ್ಲ ಹುಟ್ಟುಗುಣ, ಆ ಗಾದಿಗೇ ಅಲ್ಲಿ ಕಾನೂನಿನಾಗ ಬಾಗಿಲು ಹಾಕ್ಯಾರ. ಕ್ಯಾಲಿಫೋರ್ನಿಯಾದ ಎವಿಡೆನ್ಸ್ ಕೋಡ್, ಅಂದ್ರ ಸಾಕ್ಷ್ಯದ ಕಾಯಿದೆ, ಅದರ 1101ನೇ ಕಲಮು ಏನಂತದಂದ್ರ, ಒಬ್ಬ ಮನುಷ್ಯಾನ ಸ್ವಭಾವ ಇಂಥದ್ದು, ಅದಕ್ಕ ಇವತ್ತಿನದೂ ಇವನೇ ಮಾಡ್ಯಾನ ಅಂತ ತೋರಸಾಕ ಹಳೇದು ತರಬ್ಯಾಡ್ರಿ ಅಂತ. ಯಾಕಂದ್ರ ಓಣ್ಯಾಗ ಒಂದ್ಸಲ ಕೋಳಿ ಕದ್ದವನ ಮನಿಗೇ ಮಂದಿ ಪ್ರತಿ ಸಲ ಹೋಗ್ತಾರ, ಕೋಳಿ ಬೆಕ್ಕು ತಿಂದಿದ್ರೂ. ಆದ್ರ ಇದಕ್ಕ ಕೆಲವು ಹೊರತು ಅದಾವ. 1108 ಲೈಂಗಿಕ ಅಪರಾಧಕ್ಕ. 1109 ಮೊದಲು ಗಂಡ-ಹೆಂಡಿರ ಮನಿ ಹಿಂಸೆಗಿ ಇತ್ತು, ಆಮ್ಯಾಲ ಹಿರಿಯರಿಗಿ, ಪರಾವಲಂಬಿ ಮಂದಿಗಿ ಮಾಡೋ ಹಿಂಸೆನೂ ಅದ್ರಾಗ ಸೇರಿಸಿದ್ರು. ಹಿರಿಯರು ಅಂದ್ರ ಅಲ್ಲಿ 65 ಆದವರು. ಹಿಂಸೆ ಅಂದ್ರ ಬರೇ ಹೊಡೆಯೂದಲ್ಲ, ಕೈಬಿಡೂದು, ಕೂಡಿ ಹಾಕೂದು, ರೊಕ್ಕ ನುಂಗೂದೂ ಅದ್ರಾಗ ಬರ್ತಾವ. ಯಾಕ ಸೇರಿಸಿದ್ರು ಅಂತ ಯಾರಿಗಾದ್ರೂ ತಿಳೀತದ್ರಿ, ಬಾಗಿಲು ಹಾಕಿದ ಮನ್ಯಾಗ ನಡೆಯೋದು, ನೋಡಿದವರು ಇರಲ್ಲ, ಹೊಡಿಸ್ಕೊಂಡವರಿಗಿ ಮರಿವು, ಇಲ್ಲ ನಾಳಿ ಗಂಜಿ ಕುಡಿಸೂದು ಇವರ ಕೈಯ್ಯಾಗೇ ಅದ ಅಂಬೋ ಅಂಜಿಕಿ.

ಹಂಗಂತ ಏನು ಬೇಕಾದ್ರೂ ತಂದು ಹಾಕಾಕ ಬರಲ್ಲ. 10 ವರ್ಷಕ್ಕಿಂತ ಹಳೇದು ಸಹಜವಾಗಿ ನಡೆಯಲ್ಲ, ನ್ಯಾಯದ ಹಿತಕ್ಕ ಬೇಕೇ ಬೇಕು ಅಂತ ಜಡ್ಜಿಗಿ ಅನಿಸಿದ್ರ ಅಷ್ಟೇ. ಉಳಿದದ್ದನ್ನೂ ಜಡ್ಜು 352ನೇ ಕಲಮಿನ ಪ್ರಕಾರ ತೂಗಿ, ಇದ್ರಿಂದ ಉಪಯೋಗಕ್ಕಿಂತ ಜ್ಯೂರಿ ತಲಿ ಕೆಡಿಸೂದೇ ಭಾಳ ಅನಿಸಿದ್ರ ಹೊರಗ ಇಡಬಹುದು.

ಈಗ ಜ್ಯೂರಿ ತೂಗೂದಕ್ಕ ಬರ್ತೀನಿ, ನಿಮ್ಮ ನಿದ್ದಿ ಕೆಡಿಸಿದ್ದು ಇದೇ. ಅಲ್ಲಿ ತಕ್ಕಡಿ ಎರಡು. ಹಳೇ ಮುದುಕಿ ಕೈ ತಿರುವಿದ್ದು ಖರೇ ಏನು ಅಂತ ನೋಡಾಕ ಗಂಜಿನ ಕಾಟಾ, ತೊಗರಿ ಚೀಲ ಹಾಕಿದಂಗ, ಯಾವ ಕಡಿ ಒಂದೀಟು ಹೆಚ್ಚು ಬಾಗ್ತದ ಆ ಕಡಿ, ಅಂದ್ರ ಆಗಿರೂದೇ ಹೆಚ್ಚು ಸಂಭವ ಅನಿಸಿದ್ರ ಸಾಕು, ಕೇಸು ಆಗಿರಬೇಕಂತಿಲ್ಲ, ಶಿಕ್ಷೆನೂ ಬೇಕಿಲ್ಲ. ಅಷ್ಟೂ ಬಾಗಲಿಲ್ಲಂದ್ರ ಆ ಮಾತನ್ನ ಪೂರ್ತಿ ಬಿಟ್ಟುಬಿಡಬೇಕು. ಬಾಗಿದ್ರ, ಈ ಹೆಣ್ಮಗಳಿಗಿ ಇಂಥ ಚಾಳಿ ಅದ, ಅದಕ್ಕ ಮುದುಕಪ್ಪಗೂ ದಬ್ಬಿರಬಹುದು ಅಂತ ಅನ್ಕೋಬಹುದು. ‘ಅನ್ಕೋಬಹುದು’ ರೀ, ಅನ್ಕೋಬೇಕು ಅಂತಲ್ಲ, ಒಬ್ಬ ಜ್ಯೂರರ್ ಹಳೇದು ಖರೇ ಅಂತ ನಂಬಿಯೂ ಅದಕ್ಕೂ ಇದಕ್ಕೂ ಸಂಬಂಧ ಕಾಣಂಗಿಲ್ಲ ಅಂದ್ರ ಅದೂ ಕಾನೂನೇ.

ಮುದುಕಪ್ಪನ ಕೇಸಿಗಿ ಬಂಗಾರದ ಅಂಗಡಿ ತಕ್ಕಡಿ, ಗುಂಜಿ ಅಷ್ಟು ವಾಜಬಿ ಸಂಶಯ ಉಳಿದ್ರೂ ಬಿಡಬೇಕು. ಹಳೇದೊಂದನ್ನೇ ಹಿಡ್ಕೊಂಡು ಶಿಕ್ಷೆ ಮಾಡಾಕ ಬರಂಗಿಲ್ಲ, ಜಡ್ಜು ಓದಿ ಹೇಳೋ ಸೂಚನೆದಾಗ ಇದು ಸಾಫ್ ಇರ್ತದ. ಅಂದಮ್ಯಾಲ ಆ 12 ಮಂದಿ ಹಳೇ ಮುದುಕಿ ಮಾತನ್ನ ಪೂರ್ತಿ ನಂಬಿರಬಹುದು, ಮುದುಕಪ್ಪಂದು ಮಾತ್ರ ತಾನೇ ಜಾರಿ ಬಿದ್ದನೋ ಏನೋ ಅನಿಸಿರಬಹುದು. ನನಗ ಕೇಳಿದ್ರ ಆ ಎರಡು ತಕ್ಕಡಿ ಕಾಗದದ ಮ್ಯಾಲ ಸುಲಭ, ತಲಿಯೊಳಗ ಭಾಳ ಕಷ್ಟ. ಮುದುಕಿ ಮಗಳು ಅಳ್ಕೋತ ಹೇಳಿದ್ದು ಕೇಳಿದ ಮ್ಯಾಲ ‘ಆವಾಗ ತಪ್ಪಿಸ್ಕೊಂಡಾಳ, ಈಗರ ಸಿಗಲಿ’ ಅಂತ ಯಾರಿಗೆ ಅನಿಸಲ್ರಿ? ಹಂಗ ಅನಿಸಿಯೂ ಬಿಟ್ರಲ್ಲ, ನಾನಂತೂ ಓದಿದವರೇ ಅಂತೀನಿ.

ನಮ್ಮಲ್ಲಿ ಹೆಂಗ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. 2024ರ ಜುಲೈ 1ರಿಂದ ನಡೆಯೋ ಭಾರತೀಯ ಸಾಕ್ಷ್ಯ ಅಧಿನಿಯಮದ 49ನೇ ಕಲಮಿನಾಗ, ಆರೋಪಿ ತಾನು ಭಾಳ ಒಳ್ಳೇವ ಅಂತ ಸಾಕ್ಷಿ ಕೊಟ್ಟಾಗ ಬಿಟ್ರ ಅವನ ಕೆಟ್ಟ ನಡತೆ ಎತ್ತಾಂಗಿಲ್ಲ. ಹಿರಿಯರ ಕೇಸಿಗಂತ 1109 ಥರದ್ದು ನಮ್ಮಲ್ಲಿಲ್ಲ. 13ನೇ ಕಲಮಿನಾಗ ಒಂದು ಸಣ್ಣ ಕಿಟಕಿ ಅದ, ಆಕಸ್ಮಿಕ ಆಯ್ತೋ ಬೇಕಂತ ಮಾಡಿದ್ದೋ ಅಂಬೋ ಪ್ರಶ್ನೆ ಬಂದಾಗ, ಅಂಥವೇ ಘಟನೆ ಸಾಲಾಗಿ ಆಗಿ ಎಲ್ಲದ್ರಾಗೂ ಅವನೇ ಇದ್ರ ಅದು ಬರ್ತದ. ಅತ್ತಿ ಮೂರು ಸಲ ಮೆಟ್ಟಲಿಂದ ಬಿದ್ದಾಳ, ಮೂರೂ ಸಲ ಬಾಜೂಕ ಇದ್ದವ ಅದೇ ಅಳಿಯ ಅಂದ್ರ ಕೋರ್ಟು ಕಿವಿ ನಿಮಿರಿಸ್ತದ.

ಪ್ರಶ್ನೆ: ಮಗ ಹೊಲ ದಾನಪತ್ರ ಮಾಡಿಸ್ಕೊಂಡು ಈಗ ಊಟಕ್ಕ ಹಾಕಲ್ಲ, ಮೊದಲೂ ಹೊಡೀತಿದ್ದ. ಅದನ್ನ ಹೇಳಬಹುದಾ?
– ಒಬ್ಬ ತಾಯಿ, ಬೀದರ್ ಜಿಲ್ಲೆ

ಉತ್ತರ: ಅವ್ವಾ, ಧಾರಾಳ ಹೇಳ್ರಿ. ನಿಮಗ 60 ಆಗಿದ್ರ 2007ರ ಹಿರಿಯ ನಾಗರಿಕರ ಕಾಯಿದೆ ಪ್ರಕಾರ ಎಸಿ (ಉಪವಿಭಾಗಾಧಿಕಾರಿ) ಸಾಹೇಬ್ರ ಮುಂದ ಅರ್ಜಿ ಕೊಡ್ರಿ, ಅದು ಸಂಕ್ಷಿಪ್ತ ವಿಚಾರಣೆ, ಜೈಲಿಗಿ ಕಳಸೋ ಟ್ರಯಲ್ ಅಲ್ಲ. ಯಾವಾಗ, ಎಲ್ಲಿ, ಯಾರು ನೋಡಿದ್ರು, ದವಾಖಾನಿ ಚೀಟಿ ಅದ ಏನು, ಎಲ್ಲ ಬರೆಸ್ರಿ. ದಾನಪತ್ರ ರದ್ದು ಮಾಡಸೂದು ಅದೇ ಕಾಯಿದೆ 23ನೇ ಕಲಮು, ಪತ್ರದಾಗ ‘ನೋಡ್ಕೋತೀನಿ’ ಅಂಬೋ ಷರತ್ತು ಇರಬೇಕು ಅಂತ 2022ರಾಗ ಸುಪ್ರೀಂ ಕೋರ್ಟು ಹೇಳ್ಯಾದ, 2025ರ ಜನವರ್ಯಾಗ ಈ ಕಾಯಿದೆನ ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಅಂತನೂ ಹೇಳ್ಯಾದ. ಪತ್ರದ ನಕಲು ತಗೊಂಡೇ ಹೋಗ್ರಿ. ಅಲ್ಲಿತನ 14567ಕ್ಕ ಫೋನ್ ಹಚ್ಚಿಸ್ರಿ, ಹಿರಿಯರ ಸಹಾಯವಾಣಿ ಅದು.

ಪ್ರಶ್ನೆ: ನಮ್ಮ ದೇಶದಾಗ ಜ್ಯೂರಿ ಯಾಕಿಲ್ಲ?
– ಕಾಲೇಜು ಹುಡುಗ, ಯಾದಗಿರಿ

ಉತ್ತರ: ಇತ್ತಪ್ಪ. 1959ರಾಗ ಮುಂಬೈಯಾಗ, ಹೆಂಡ್ತಿ ಗೆಳೆಯನಿಗಿ ಗುಂಡು ಹಾಕಿ ಕೊಂದ ನೌಕಾಪಡೆ ಅಧಿಕಾರಿ ನಾನಾವತಿ ಕೇಸಿನಾಗ, ಜ್ಯೂರಿ 8-1ರಿಂದ ತಪ್ಪಿಲ್ಲ ಅಂದಿತು, ಹೈಕೋರ್ಟು ಅದನ್ನ ತಿರುವಿ ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟು 1961ರಾಗ ಅದನ್ನೇ ಎತ್ತಿ ಹಿಡೀತು. ಅದೊಂದೇ ಕೇಸಿಂದ ಜ್ಯೂರಿ ಹೋಯ್ತು ಅಂಬೂದು ಕಟ್ಟೆ ಮಾತು, ಮೊದಲೇ ಕಡಿಮಿ ಆಗ್ಕೋತ ಬಂದಿತ್ತು, ಕ್ರಿಮಿನಲ್ ಕೇಸು ನಡೆಸೋ ಕಾಯಿದೆ ಆದ 1973ರ ಸಿಆರ್‌ಪಿಸಿದಾಗ ಅದಕ್ಕ ಜಾಗಾನೇ ಇರಲಿಲ್ಲ.