ಪದವಿ ಓದುತ್ತಾ ಊರಿನಲ್ಲಿ ಸ್ವಯಂಸೇವೆ ಮಾಡಲು ಯಾವ ಸಂಸ್ಥೆ ಸೇರಬೇಕು?

ಸಿಂಧನೂರಿನಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿರುವ ನೀವು, ಒಳ್ಳೆಯ ಪ್ರಮಾಣಪತ್ರ ಕೊಡುವ ಸಂಸ್ಥೆ ಯಾವುದು, ಸೇರಿದರೆ ಓದಿಗೆ ತೊಂದರೆಯಾದೀತೇ ಎಂದು ಕೇಳಿದ್ದೀರಿ. ಲಿಂಗಸುಗೂರಿನಲ್ಲಿ ಓದುತ್ತಿದ್ದಾಗ ನಾನೂ ಪ್ರಮಾಣಪತ್ರಕ್ಕಾಗಿಯೇ ರಾಷ್ಟ್ರೀಯ ಸೇವಾ ಯೋಜನೆಗೆ ಹೆಸರು ಕೊಟ್ಟಿದ್ದೆ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮಾಡಿ, ಏಳು ದಿನಗಳ ವಿಶೇಷ ಶಿಬಿರವೊಂದನ್ನು ಪೂರೈಸಿದವರಿಗೆ ಅದು ಸಿಗುತ್ತದೆ. ನನಗೂ ಸಿಕ್ಕಿತು. ಆದರೆ ನಿಮಗೆ ಹೇಳಬೇಕಾದದ್ದು ಆ ಶಿಬಿರ ಮುಗಿದ ಮೇಲೆ ನಡೆದ ಸಂಗತಿ.

ಅದು ಮಸ್ಕಿ ಕಡೆಯ, ಕಾಲುವೆ ನೀರು ಕಾಣದ ಊರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ನಿಮ್ಮ ಕಡೆ ಭತ್ತ ಬೆಳೆಯುತ್ತಾರೆ. ಆ ಊರಿನಲ್ಲಿ ಮಳೆಯನ್ನೇ ನಂಬಿದ ಸಜ್ಜೆ, ತೊಗರಿ, ಜೋಳ. ಸುಗ್ಗಿ ಮುಗಿಯುತ್ತಲೇ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆಂದು, ಹೈದರಾಬಾದಿಗೆಂದು ಗುಳೆ ಹೋಗುತ್ತಾರೆ. ಮಕ್ಕಳು ನಡುವರ್ಷದಲ್ಲಿ ಶಾಲೆ ಬಿಟ್ಟು ತಂದೆತಾಯಿಯ ಜೊತೆ ಹೊರಡುತ್ತಾರೆ. ಶಿಬಿರದಲ್ಲಿ ನಾವು ಜಾಥಾ ನಡೆಸಿ, ಶಾಲೆಯ ಗೋಡೆಗೆ ಸುಣ್ಣ ಬಳಿದಿದ್ದೆವು. ಹಿರಿಯ ಹೆಣ್ಣುಮಗಳೊಬ್ಬರು ಬಂದು, "ಸುಣ್ಣ ಚೆಂದ ಹಚ್ಚೀರಿ ತಮ್ಮಾ, ಆದರ ಈ ಸಾಲ್ಯಾಗ ಕುಂದ್ರಾಕ ನಮ್ಮ ಹುಡುಗರು ಊರಾಗ ಇರಬೇಕಲ್ಲ?" ಎಂದು ಕೇಳಿದರು.

ಆಗ ಜಾರಿಯಲ್ಲಿದ್ದ 2005ರ ಉದ್ಯೋಗ ಖಾತ್ರಿ ಕಾಯ್ದೆಯಂತೆ ಗ್ರಾಮೀಣ ಕುಟುಂಬವೊಂದಕ್ಕೆ ವರ್ಷಕ್ಕೆ 100 ದಿನ ಕೂಲಿ ಕೆಲಸ ಸಿಗಬೇಕಿತ್ತು. ಅರ್ಜಿ ಕೊಟ್ಟ 15 ದಿನಗಳೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕಿತ್ತು: ಮೊದಲ 30 ದಿನ ಕೂಲಿಯ ಕಾಲುಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಗೆಳೆಯರೂ ನಾನೂ ಮನೆ ಮನೆಗೆ ಹೋಗಿ ಕೆಲಸ ಕೇಳುವ ನಮೂನೆ 6 ತುಂಬಿದೆವು. ಜಾಬ್ ಕಾರ್ಡ್ ಸಂಖ್ಯೆ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಕಟ್ಟನ್ನು ಪಂಚಾಯಿತಿಗೆ ಒಯ್ದು ಕೊಟ್ಟೆ. "ಇಟ್ಟು ಹೋಗ್ರಿ, ಮಾಡ್ತೀವಿ" ಎಂದರು. ಇಟ್ಟು ಬಂದೆ.

ಅಲ್ಲಿಯೇ ನಾನು ತಪ್ಪಿದ್ದು. ಅರ್ಜಿ ಪಡೆದವರು ತಾರೀಖು ಹಾಕಿ, ಸಹಿ ಮಾಡಿ ಕೊಡಬೇಕಾದ ರಸೀದಿಯನ್ನು ನಾನು ಕೇಳಿ ಪಡೆಯಲಿಲ್ಲ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಆ ಕಾಯ್ದೆಯ ಬಲವೆಲ್ಲ ಆ ತಾರೀಖಿನಲ್ಲಿಯೇ ಇತ್ತು. ರಸೀದಿ ಇದ್ದರೆ ಮಾತ್ರ ಹದಿನೈದು ದಿನಗಳ ಎಣಿಕೆ ಯಾವ ದಿನ ಆರಂಭವಾಯಿತೆಂದು ತೋರಿಸಬಹುದು. ಅದಿಲ್ಲದಿದ್ದರೆ ಆ ಕುಟುಂಬ ಕೆಲಸ ಕೇಳಿಯೇ ಇಲ್ಲವೆಂದು ಲೆಕ್ಕ. ಕೇಳದವರಿಗೆ ಭತ್ಯೆಯೂ ಇಲ್ಲ. ಕೆಲಸ ಸಿದ್ಧವಾದ ದಿನವೇ ಬೇಡಿಕೆ ಬಂತೆಂದು ಗಣಕಯಂತ್ರದಲ್ಲಿ ನಮೂದಿಸಿದರೂ ಪ್ರಶ್ನಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಮೇಲಿನ ಕಚೇರಿಗೆ ದೂರು ಒಯ್ದಾಗ ಅವರು ಕೇಳಿದ ಮೊದಲ ಮಾತೇ "ರಸೀದಿ ಎಲ್ಲಿ?" ಎಂಬುದು. ಪರೀಕ್ಷೆಯ ನೆಪದಲ್ಲಿ ನಾನು ಅತ್ತ ಹೋಗದಿದ್ದ ವಾರಗಳಲ್ಲಿ ಅರ್ಜಿಗಳ ಕಟ್ಟು ಎಲ್ಲಿ ಹೋಯಿತೆಂದು ಹೇಳುವವರೂ ಇರಲಿಲ್ಲ.

ಇದರ ಬೆಲೆ ತೆತ್ತವರು ಆ ಊರಿನವರು. ಸುಣ್ಣದ ಮಾತಾಡಿದ ಆ ತಾಯಿಯ ಮಗ, ಊರಲ್ಲೇ ಕೆಲಸ ಸಿಗುತ್ತದೆಂಬ ನನ್ನ ಮಾತು ನಂಬಿ, ಮೇಸ್ತ್ರಿ ಕೊಡಲು ಬಂದ ಮುಂಗಡವನ್ನು ಬೇಡವೆಂದಿದ್ದರು. ಕಾದು ಕಾದು ಕೊನೆಗೆ ಸಾಲ ಮಾಡಿ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನ ಬಸ್ಸು ಹತ್ತಿದರು. ನಾನು ಹೋದಾಗ ಆ ಓಣಿಯಲ್ಲಿ ಮುಕ್ಕಾಲು ಮನೆಗಳಿಗೆ ಬೀಗ ಬಿದ್ದಿತ್ತು.

ಮರುವರ್ಷ ಅರ್ಜಿಯನ್ನು ನಾನು ಒಯ್ಯಲಿಲ್ಲ. ಕೂಲಿ ಹೆಣ್ಣುಮಕ್ಕಳೇ ಗುಂಪಾಗಿ ಪಂಚಾಯಿತಿಗೆ ಬಂದು, ಒಬ್ಬೊಬ್ಬರ ರಸೀದಿಯೂ ಕೈಗೆ ಬರುವ ತನಕ ಕಟ್ಟೆ ಬಿಟ್ಟು ಏಳಲಿಲ್ಲ. ಕೆರೆಯ ಹೂಳೆತ್ತುವ ಕೆಲಸ ಆರಂಭವಾಯಿತು. ಗುಳೆ ನಿಂತಿತೆಂದು ಹೇಳಲಾರೆ. ಕೆಲವು ಮನೆಗಳ ಮಕ್ಕಳು ಆ ವರ್ಷದ ಪರೀಕ್ಷೆಯನ್ನು ಊರಿನ ಶಾಲೆಯಲ್ಲಿಯೇ ಬರೆದರು.

ಆದ್ದರಿಂದ ಯಾವ ಸಂಸ್ಥೆ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದು ದಿನ ಕಸ ಗುಡಿಸಿ ಫೋಟೊ ತೆಗೆಸಿಕೊಳ್ಳುವ ಸೇವೆ ಯಾರಿಗೂ ಬೇಕಾಗಿಲ್ಲ. ನಡೆದು ಹೋಗುವಷ್ಟು ದೂರದ ಒಂದು ಓಣಿಯನ್ನು ಆರಿಸಿಕೊಳ್ಳಿ, ಅಲ್ಲಿನವರಿಗೆ ಬೇಕಾದ ಒಂದೇ ಸರ್ಕಾರಿ ಕೆಲಸವನ್ನು ತಳಮಟ್ಟದಿಂದ ಕಲಿಯಿರಿ. ವೃದ್ಧಾಪ್ಯ ವೇತನವಾಗಲಿ, ಜಾತಿ ಮತ್ತು ಆದಾಯ ಪ್ರಮಾಣಪತ್ರವಾಗಲಿ, ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲ ಯೋಜನೆಯ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಗಳಿಗೆ ಗಡುವು ಇದೆ, ಗಡುವು ಮೀರಿದರೆ ಮೇಲ್ಮನವಿಗೆ ಅವಕಾಶವಿದೆ. ಅದಕ್ಕೆ ಬೇಕಾದದ್ದು ಆ ಸ್ವೀಕೃತಿಯ ಮೇಲಿನ ಜಿಎಸ್‌ಸಿ ಸಂಖ್ಯೆ, ಅಂದರೆ ಆ ಅರ್ಜಿಯ ಗುರುತಿನ ಸಂಖ್ಯೆ. ಅದನ್ನು ನಿಮ್ಮ ವಹಿಯಲ್ಲಿ ಬರೆದುಕೊಳ್ಳಿ, ಮೂಲ ಚೀಟಿ ಅರ್ಜಿದಾರರ ಬಳಿಯೇ ಇರಲಿ.

ಓದಿಗೆ ತೊಂದರೆಯಾಗುವುದಿಲ್ಲ; ವಾರಕ್ಕೊಂದು ಸಂಜೆ ಸಾಕು. ಪರೀಕ್ಷೆಯ ದಿನಗಳಲ್ಲಿ ಬರಲಾಗುವುದಿಲ್ಲವೆಂದು ಮೊದಲೇ ತಿಳಿಸಿ, ಓಣಿಯಲ್ಲಿ ಪಿಯುಸಿ ಓದುವ ಹುಡುಗಿಯೋ ಹುಡುಗನೋ ಇದ್ದರೆ ವಹಿಯನ್ನು ಅವರ ಕೈಗೆ ಕೊಟ್ಟು ಹೋಗಿ.