ಹೊಟ್ಟೆಯ ಬೈಪಾಸ್ ಆದಮೇಲೆ ಮೈಗ್ರೇನ್: ಹಳೆ ಮಾತ್ರೆ ಈಗ ಆಗಿಬರುವುದಿಲ್ಲ

ಪ್ರಶ್ನೆ: ನನಗೆ 38 ವರ್ಷ. ತೂಕ ಇಳಿಸಲು ಏಳು ತಿಂಗಳ ಹಿಂದೆ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಂಡೆ. ತೂಕ ಚೆನ್ನಾಗಿ ಇಳಿದಿದೆ. ಕಾಲೇಜಿನ ದಿನಗಳಿಂದಲೂ ಮೈಗ್ರೇನ್ ಇದೆ. ಈಗ ಕಡಿಮೆಯಾಗಬಹುದು ಅಂದುಕೊಂಡಿದ್ದೆ, ಜಾಸ್ತಿಯೇ ಆಗಿದೆ. ವಾರಕ್ಕೆ ಎರಡು ಮೂರು ಸಲ ಬರುತ್ತದೆ. ಮೊದಲಿನ ಹಾಗೆ ಕಾಂಬಿಫ್ಲಾಮ್ ನುಂಗುತ್ತೇನೆ. ತಡೆಯಲಾಗದಿದ್ದರೆ ಕ್ಲಿನಿಕ್ಕಿಗೆ ಹೋಗಿ ನೋವಿನ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೇನೆ. ಇತ್ತೀಚೆಗೆ ಊಟವಾದ ಮೇಲೆ ಎದೆಯ ಕೆಳಗೆ ಉರಿ ಬರುತ್ತಿದೆ, ಗ್ಯಾಸ್ ಇರಬೇಕು. ತಲೆನೋವಿಗೆ ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಕೊನೆಗೆ ಸುಮ್ನೆ ಹೇಳಿಬಿಟ್ಟ ಆ ಉರಿಯಿಂದಲೇ ಶುರು ಮಾಡುತ್ತೇನೆ. ನನಗೆ ತಲೆನೋವಿಗಿಂತ ಅದರದ್ದೇ ಚಿಂತೆ.

ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ಭಾಗವನ್ನು ಪುಟ್ಟ ಚೀಲದಷ್ಟು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಆ ಜೋಡಣೆಯ ಜಾಗ ನಾಜೂಕು. ಅಲ್ಲಿನ ಕರುಳಿಗೆ ಆಮ್ಲ ತಡೆದುಕೊಳ್ಳುವ ಅಭ್ಯಾಸ ಇರುವುದಿಲ್ಲ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಇದೆ. ಅದು, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಡಿಸ್ಪ್ರಿನ್‌ನಲ್ಲಿರುವ ಆಸ್ಪಿರಿನ್ ಎಲ್ಲವೂ ಆ ಜಾಗದಲ್ಲಿ ಹುಣ್ಣು ಮಾಡಬಲ್ಲವು. ಹುಣ್ಣಿನಿಂದ ರಕ್ತ ಸೋರಬಹುದು, ತೂತೂ ಬೀಳಬಹುದು. ಇಂಜೆಕ್ಷನ್ ಹೊಟ್ಟೆಗೆ ಹೋಗುವುದಿಲ್ಲವಲ್ಲ ಎಂದು ತುಂಬಾ ಜನ ಕೇಳುತ್ತಾರೆ. ಈ ಔಷಧಗಳು ಹೊಟ್ಟೆಯ ಒಳಪದರದ ರಕ್ಷಣೆಯನ್ನು ರಕ್ತದ ಮೂಲಕವೂ ಕಡಿಮೆ ಮಾಡುತ್ತವೆ. ಹಾಗಾಗಿ ಸೂಜಿಯಲ್ಲಿ ಕೊಟ್ಟರೂ ಅಪಾಯ ತಪ್ಪುವುದಿಲ್ಲ.

ಆದ್ದರಿಂದ ಇವತ್ತೇ ಅವನ್ನು ನಿಲ್ಲಿಸಿ. ಈ ವಾರವೇ ನಿಮ್ಮ ಸರ್ಜನ್‌ಗೆ ಉರಿಯ ವಿಷಯ ಹೇಳಿ, ಎಂಡೋಸ್ಕೋಪಿ ಬೇಕಾಗಬಹುದು. ಮಲ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ ವಾರವೆಲ್ಲ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನು ಮುಂದೆ ಯಾವ ಕ್ಲಿನಿಕ್ಕಿಗೆ ಹೋದರೂ ‘ಹೊಟ್ಟೆಯ ಬೈಪಾಸ್ ಆಗಿದೆ’ ಎಂದು ಬಿಡಿಸಿ ಹೇಳಿ. ಬರೀ ಬೈಪಾಸ್ ಅಂದರೆ ಎಲ್ಲರೂ ಹೃದಯದ್ದು ಅಂದುಕೊಳ್ಳುತ್ತಾರೆ.

ಹಾಗಾದರೆ ನೋವಿಗೆ? ಪ್ಯಾರಾಸಿಟಮಾಲ್ ನಿಮಗೆ ಸರಿ. ಒಮ್ಮೆಗೆ 650 ಮಿಲಿಗ್ರಾಂ, ದಿನಕ್ಕೆ ಒಟ್ಟು 3 ಗ್ರಾಂ ದಾಟಬಾರದು. ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ. ಅದಕ್ಕೆ ಬಗ್ಗದಿದ್ದರೆ ಮೈಗ್ರೇನ್‌ಗೆಂದೇ ಇರುವ ಟ್ರಿಪ್ಟಾನ್ ಗುಂಪಿನ ಔಷಧಗಳಿವೆ. ಸುಮಾಟ್ರಿಪ್ಟಾನ್ ಮೂಗಿನ ಸ್ಪ್ರೇ ಆಗಿಯೂ ಸಿಗುತ್ತದೆ, ವಾಂತಿ ಆಗುವಾಗ ಅನುಕೂಲ. ನೋವು ಏರುವ ಮೊದಲೇ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹೃದಯದ ಕಾಯಿಲೆ, ಪಾರ್ಶ್ವವಾಯು, ಹತೋಟಿಗೆ ಬರದ ಬಿಪಿ ಇರುವವರಿಗೆ ಇದು ಬೇಡ. ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ. ಟ್ರಿಪ್ಟಾನ್ ಅಥವಾ ಹಲವು ಔಷಧ ಬೆರೆಸಿದ ನೋವಿನ ಮಾತ್ರೆ ತಿಂಗಳಿಗೆ 10 ದಿನ ಮುಟ್ಟುತ್ತಾ ಹೋದರೆ ಆ ಮಾತ್ರೆಯೇ ತಲೆನೋವು ತರಲು ಶುರು ಮಾಡುತ್ತದೆ. ವಾರಕ್ಕೆ ಎರಡು ಮೂರು ಸಲ ಅಂದಿರಲ್ಲ, ನೀವು ಆಗಲೇ ಆ ಗೆರೆಯ ಹತ್ತಿರ ಇದ್ದೀರಿ.

ಜಾಸ್ತಿ ಯಾಕಾಯಿತು ಅನ್ನುವುದೂ ನೋಡಬೇಕು ಅಲ್ವಾ? ತೂಕ ಇಳಿದ ಹಲವರಿಗೆ ಮೈಗ್ರೇನ್ ನಿಜಕ್ಕೂ ಕಡಿಮೆಯಾಗುತ್ತದೆ. ಆಗದವರಲ್ಲಿ ನಾನು ಮೊದಲು ಕೇಳುವುದು ನೀರಿನ ಲೆಕ್ಕ. ಪುಟ್ಟ ಚೀಲಕ್ಕೆ ಒಂದೇ ಸಲ ಒಂದು ಲೋಟ ಹಿಡಿಸುವುದಿಲ್ಲ. ಊಟದ ಜೊತೆ ಕುಡಿಯಬೇಡಿ ಎಂದೂ ಹೇಳಿರುತ್ತಾರೆ. ಹೀಗೆ ದಿನ ಮುಗಿಯುವಷ್ಟರಲ್ಲಿ ಮುಕ್ಕಾಲು ಲೀಟರೂ ಆಗಿರುವುದಿಲ್ಲ. ಒಂದೂವರೆ ಲೀಟರಾದರೂ ಬೇಕು, ಗುಟುಕು ಗುಟುಕಾಗಿ. ತೆಳು ಮಜ್ಜಿಗೆಯೂ ಲೆಕ್ಕಕ್ಕೆ ಬರುತ್ತದೆ.

ಆಮೇಲೆ ಊಟದ ಅಂತರ. ಸಂಕಷ್ಟಿ, ಏಕಾದಶಿ ಎಂದು ಉಪವಾಸ ಹಿಡಿಯುವವರಾದರೆ ಸದ್ಯಕ್ಕೆ ಬಿಡಿ, ಹಸಿವು ಮೈಗ್ರೇನನ್ನು ಕೆರಳಿಸುತ್ತದೆ. ಸಿಹಿ ತಿಂದು ಒಂದರಿಂದ ಮೂರು ಗಂಟೆಯೊಳಗೆ ಬೆವರು, ನಡುಕ, ತಲೆನೋವು ಬಂದರೆ ಸಕ್ಕರೆ ಅಂಶ ದಿಢೀರನೆ ಕುಸಿದಿರಬಹುದು. ಆ ಹೊತ್ತಿಗೆ ಗ್ಲೂಕೋಮೀಟರ್‌ನಲ್ಲಿ ನೋಡಿ ಬರೆದಿಡಿ. ಕಾಫಿ ಒಂದು ದಿನ ಮೂರು ಲೋಟ, ಮರುದಿನ ಸೊನ್ನೆ ಅನ್ನುವ ಆಟ ಬೇಡ. ಹಿಮೋಗ್ಲೋಬಿನ್, ಕಬ್ಬಿಣಾಂಶ, ಬಿ12 ಕೂಡ ಪರೀಕ್ಷಿಸಿ.

ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ದಿನವೂ ತೆಗೆದುಕೊಳ್ಳುವ ತಡೆ ಔಷಧ ಬೇಕು. ನಮ್ಮಲ್ಲಿ ಜಾಸ್ತಿ ಬರೆಯುವ ಫ್ಲುನಾರಿಜಿನ್, ಅಮಿಟ್ರಿಪ್ಟಿಲಿನ್ ತೂಕ ಏರಿಸಬಹುದು. ಇಷ್ಟು ಕಷ್ಟಪಟ್ಟು ಇಳಿಸಿದ ನಿಮಗೆ ಅದು ಒಗ್ಗುವ ಮಾತಲ್ಲ. ಟೋಪಿರಮೇಟ್ ತೂಕ ಏರಿಸುವುದಿಲ್ಲ, ಆದರೆ ಬೈಪಾಸ್ ಆದವರಿಗೆ ಮೊದಲೇ ಇರುವ ಕಿಡ್ನಿ ಕಲ್ಲಿನ ಭಯವನ್ನು ಹೆಚ್ಚಿಸುತ್ತದೆ. ಗರ್ಭಿಣಿಯಾಗುವ ಸಾಧ್ಯತೆ ಇದ್ದರೆ ಅದು ಬೇಡವೇ ಬೇಡ. ಪ್ರೊಪ್ರಾನೊಲಾಲ್ ಕೊಡುವುದಾದರೆ, ಸಕ್ಕರೆ ಇಳಿದಾಗಿನ ಎದೆಬಡಿತ, ನಡುಕವನ್ನು ಅದು ಮರೆಮಾಚುತ್ತದೆ ಅನ್ನುವುದು ನೆನಪಿರಲಿ. ನಿಧಾನವಾಗಿ ಕರಗುವ ‘ಎಸ್‌ಆರ್’, ‘ಇಆರ್’ ಮಾತ್ರೆಗಳು ನಿಮ್ಮ ಕರುಳಲ್ಲಿ ಪೂರ್ತಿ ಹೀರಿಕೊಳ್ಳದೆ ಹೋಗಬಹುದು, ಸಾಧಾರಣ ಮಾತ್ರೆಯನ್ನೇ ಕೇಳಿ. ಇದನ್ನು ನರರೋಗ ತಜ್ಞರೂ ಸರ್ಜನ್ನೂ ಮಾತಾಡಿಕೊಂಡು ಆರಿಸಿದರೆ ಒಳ್ಳೆಯದು.

ಪ್ರಶ್ನೆ: ತಂಗಿಗೆ ತೂಕ ಇಳಿಸಲು ಹೊಟ್ಟೆಯನ್ನು ಕಿರಿದು ಮಾಡುವ ಸ್ಲೀವ್ ಸರ್ಜರಿ ಆಗಿ ಎರಡು ತಿಂಗಳು. ಎದ್ದು ನಿಂತರೆ ತಲೆ ಸಿಡಿಯುತ್ತದೆ, ಮಲಗಿದರೆ ಕಡಿಮೆ. ಇದೂ ಮೈಗ್ರೇನಾ?
– ಓದುಗರೊಬ್ಬರು, ಶಿರಸಿ

ಉತ್ತರ: ಹಾಗೆ ಅಂದುಕೊಂಡು ಕೂರಬೇಡಿ. ನೀರು ಕಡಿಮೆಯಾಗಿ ಬಿಪಿ ಇಳಿದಿರಬಹುದು. ಮೊದಲಿನ ಬಿಪಿ ಮಾತ್ರೆಯನ್ನು ಅಷ್ಟೇ ಪ್ರಮಾಣದಲ್ಲಿ ನುಂಗುತ್ತಿದ್ದರೂ ಹೀಗಾಗುತ್ತದೆ. ಅಪರೂಪಕ್ಕೆ ಬೆನ್ನುಹುರಿಯ ಸುತ್ತಲಿನ ದ್ರವ ಸೋರಿ ಇಂಥದ್ದೇ ನೋವು ಬರುತ್ತದೆ, ಅದಕ್ಕೆ ಎಂಆರ್‌ಐ ಬೇಕು. ಎರಡು ಮೂರು ದಿನದಲ್ಲಿ ವೈದ್ಯರಿಗೆ ತೋರಿಸಿ. ಆದರೆ ಬಿಡದೆ ವಾಂತಿ ಆಗುತ್ತಿದ್ದು ದೃಷ್ಟಿ ಎರಡೆರಡಾಗಿ ಕಂಡರೆ, ನಡಿಗೆ ತೂರಾಡಿದರೆ, ಮಾತು ತಪ್ಪಿದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಥಯಾಮಿನ್, ಅಂದರೆ ಬಿ1 ಕೊರತೆ ಇರಬಹುದು, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿರಲೂಬಹುದು. ಅಲ್ಲಿ ಗ್ಲೂಕೋಸ್ ಡ್ರಿಪ್ ಏರಿಸುವ ಮೊದಲು ಸರ್ಜರಿಯ ವಿಷಯ ತಿಳಿಸಿ. ಬಿ1 ಇಂಜೆಕ್ಷನ್ ಮೊದಲು ಹೋಗಬೇಕು, ಗ್ಲೂಕೋಸ್ ಆಮೇಲೆ.