ಸ್ಟಾರ್ ವಾರ್ಸ್ ಫೈಟಿಂಗ್ ಗೇಮ್ 'ಮಾಸ್ಟರ್ಸ್ ಆಫ್ ಟೆರಾಸ್ ಕಾಸಿ'ನ ಆಡಿದವರು ಯಾಕೆ ಅಷ್ಟು ಬೈತಾರೆ?
ಸ್ಟಾರ್ ವಾರ್ಸ್‌ನ ಬೆಳಕಿನ ಕತ್ತಿ, ಅಂದ್ರೆ ಲೈಟ್‌ಸೇಬರ್‌ಗೆ ಇಲ್ಲಿ ಲೈಟ್‌ಸೇಬರ್ ಫೀಲೇ ಇಲ್ಲ, ಅದಕ್ಕೇ ಬೈಯೋದು, ಜೊತೆಗೆ ಕಂಟ್ರೋಲ್ ಕೂಡ ನಿಧಾನ. ಸಿನಿಮಾದಲ್ಲಿ ಅದು ಒಂದೇ ಏಟಿಗೆ ಕೈ ಕತ್ತರಿಸುತ್ತೆ, ಆದ್ರೆ ಫೈಟಿಂಗ್ ಗೇಮ್ ಅಂದ್ಮೇಲೆ ಪಾತ್ರದ ಜೀವ ಎಷ್ಟು ಉಳಿದಿದೆ ಅಂತ ತೋರಿಸೋ ಹೆಲ್ತ್ ಬಾರ್ ಸ್ವಲ್ಪ ಸ್ವಲ್ಪನೇ ಇಳೀಬೇಕು, ಇಲ್ಲಾಂದ್ರೆ ಮ್ಯಾಚ್ ಶುರುವಾದ ತಕ್ಷಣ ಮುಗಿದೇ ಹೋಗುತ್ತೆ, ಹಾಗಾಗಿ ಸಿನಿಮಾದ ಹೀರೋ ಲ್ಯೂಕ್ ಲೈಟ್‌ಸೇಬರ್ ಬೀಸಿದ್ದು ನೇರ ಮೈಗೆ ಬಿದ್ರೂ ಎದುರಿಗಿರೋ ಹಾನ್ ಸೋಲೋ ದೊಣ್ಣೆ ಏಟು ತಿಂದವನ ಥರ ಎದ್ದು ನಿಲ್ತಾನೆ. ಅಭಿಮಾನಿಗಳಿಗೆ ಜಾಸ್ತಿ ನೋವಾಗಿದ್ದೇ ಇದು. 1997ರಲ್ಲಿ ಪ್ಲೇಸ್ಟೇಷನ್‌ಗೆ ಬರೋ ಹೊತ್ತಿಗೆ ಜನ ಟೆಕ್ಕೆನ್ 2, ಸೋಲ್ ಬ್ಲೇಡ್ ಥರದ ಚುರುಕು ಫೈಟಿಂಗ್ ಗೇಮ್‌ಗಳನ್ನ ಆಡಿ ಕೈ ಪಳಗಿಸ್ಕೊಂಡಿದ್ರು, ಇಲ್ಲಿ ಬಟನ್ ಒತ್ತಿದ್ರೆ ಏಟು ಬೀಳೋಕೆ ತಡ, ಸಿಟ್ಟು ಬರ್ದೇ ಇರುತ್ತಾ? ಸ್ಟಾರ್ ವಾರ್ಸ್‌ನ ಬೋಬಾ ಫೆಟ್ ಪಾತ್ರ ಆಗಿ ಫ್ರೆಂಡ್ ಜೊತೆ ಹೊಡೆದಾಡಿದ ಮಜಾನ ಮಾತ್ರ ಕೆಲವರು ಇನ್ನೂ ಪ್ರೀತಿಯಿಂದ ನೆನೆಸ್ಕೋತಾರೆ, ಅದೂ ನ್ಯಾಯವೇ.